ಕ್ಯಾಸೆಟ್ಟಿನಲ್ಲಿ ಇಲ್ಲದ ಗುಂಯ್

ವಾಲಿ ನೆಲಕ್ಕೆ ಬಿದ್ದಿದ್ದಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ರಾಮನನ್ನು ಕೇಳಿ, ವಾಲಿಯ ಮಾತಾಡುವ ಅರ್ಥಧಾರಿಗಳು ಒಂದು ಗಳಿಗೆ ಸುಮ್ಮನಾಗುತ್ತಾರೆ. ಸಭೆಯೂ ಸುಮ್ಮನೆ. ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಆಡುವ ಯಕ್ಷಗಾನದ, ಹಳೇ ಕ್ಯಾಸೆಟ್ಟಿನಿಂದ ನಾನು ಕಂಪ್ಯೂಟರಿಗೆ ತುಂಬಿಸಿಕೊಂಡ ಫೈಲಿನಲ್ಲಿ ಮಾತ್ರ ಆ ಜಾಗಕ್ಕೆ ಬಂದರೆ ಗುಂಯ್ ಅಂತ ಒಂದು ಸದ್ದು, ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿದ್ದ ಹಾಗೆ.

ಎಂಬತ್ತರ ದಶಕದಲ್ಲಿ ಅಪ್ಪಯ್ಯ ಸಾಗರ, ಸಿದ್ದಾಪುರದ ಸುತ್ತಮುತ್ತ ತಾಳಮದ್ದಳೆ ಎಲ್ಲಿದ್ದರೆ ಅಲ್ಲಿಗೆ ಟೇಪ್ ರೆಕಾರ್ಡರ್ ಹೊತ್ತು ಹೋಗುತ್ತಿದ್ದರು. ಆ ಕ್ಯಾಸೆಟ್ಟುಗಳಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ 46 ಉಳಿದಿದ್ದವು, ಹೆಚ್ಚಿನವು 90 ನಿಮಿಷದವು. ಲ್ಯಾಪ್‌ಟಾಪಿನ ಕೇಬಲ್ ಕಿತ್ತು, ಕ್ಯಾಸೆಟ್ ಓಡಿಸುವ ಡೆಕ್ಕಿಗೆ ನೇರ ಹೆಡ್‌ಫೋನ್ ಹಾಕಿ ಕೇಳಿದೆ. ಗುಂಯ್ ಇಲ್ಲ. ಅಂದರೆ ಸದ್ದು ಸೇರಿಕೊಳ್ಳುತ್ತಿರುವುದು ಡೆಕ್ಕಿನಿಂದ ಆಚೆ. ಇಷ್ಟು ಗೊತ್ತಾದ ಮೇಲೂ ತಂತಿ ನೋಡುವುದು ಬಿಟ್ಟು ಸಾಫ್ಟ್‌ವೇರ್ ಹಿಡಿದು ಕೂತು ಎರಡು ವಾರ ಹಾಳು ಮಾಡಿದೆ.

ಯೂಟ್ಯೂಬಿನಲ್ಲಿ ಅಮೆರಿಕದವರೊಬ್ಬರು 60 ಹರ್ಟ್ಸಿಗೆ ನಾಚ್ ಫಿಲ್ಟರ್ (ಒಂದೇ ಕಂಪನದ ಸದ್ದನ್ನು ಕತ್ತರಿಸುವಂಥದ್ದು) ಹಾಕಿ ಎಂದರು. ನಾನು ಬಳಸುವ ಆಡಾಸಿಟಿ ಸಾಫ್ಟ್‌ವೇರಿನಲ್ಲೂ ಆ ಜಾಗದಲ್ಲಿ 60 ಎಂದೇ ತುಂಬಿರುತ್ತದೆ. ಹಾಕಿದೆ, ಗುಂಯ್ ಕದಲಲಿಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು ಅಂತ ಹೈಸ್ಕೂಲಿನಲ್ಲಿ ಓದಿದ್ದು ನೆನಪಾಗಲು ಮೂರು ದಿನ ಬೇಕಾಯಿತು. ಆಮೇಲೆ ಯಾವ ಕಂಪನದ ಸದ್ದು ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ತೆಗೆದು ನೋಡಿದೆ. ಅದು ಒಂದು ಸಲಕ್ಕೆ ಲೆಕ್ಕಕ್ಕೆ ಹಿಡಿಯುವ ತುಣುಕಿನ ಸೈಜ್ 2048 ಇದ್ದರೆ ಸುಮಾರು 21 ಹರ್ಟ್ಸಿಗೊಂದು ಮನೆ. 50 ಯಾವುದು, 60 ಯಾವುದು ತಿಳಿಯುವುದಿಲ್ಲ. 16384ಕ್ಕೆ ಏರಿಸಿದಾಗ 50, 100, 150, 200 ಎಂದು ಬೇಲಿಗೂಟದ ಹಾಗೆ ಸಾಲಾಗಿ ನಿಂತವು. ಅಷ್ಟೂ ಗೂಟ ಕೀಳಲು ಹೋದರೆ ಮದ್ದಳೆಯ ದಪ್ಪ ದನಿಯೂ ಜೊತೆಗೆ ಹೋಗುತ್ತದೆ.

ಗಲಾಟೆ ತಗ್ಗಿಸುವ ನಾಯ್ಸ್ ರಿಡಕ್ಷನ್ ಇದೆಯಲ್ಲ, ಅದು ಇನ್ನೊಂದು ಕಥೆ. ಬರೀ ಗಲಾಟೆ ಇರುವ ಒಂದು ತುಣುಕನ್ನು ಅದಕ್ಕೆ ಮಾದರಿ ಕೊಡಬೇಕು. ನಾನು ಕೊಟ್ಟ ತುಣುಕಿನಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿದಿತ್ತು. ಪಾಪ, ಅದಕ್ಕೇನು ಗೊತ್ತು, ಶ್ರುತಿಯನ್ನೂ ತಿಂದು ಹಾಕಿತು. ಭಾಗವತರು ಬಾವಿಯೊಳಗೆ ಕೂತು ಹಾಡಿದ ಹಾಗಾಯಿತು.

ಮೂಲ ತಪ್ಪುಗಳಲ್ಲಿ ಒಂದು ನನ್ನದೇ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಳಗೆ ತೆಗೆದುಕೊಳ್ಳಲು ಇರುವುದು ಒಂದೇ ಗುಲಾಬಿ ತೂತು, ಅದು ಮೈಕಿನದು. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಡೆಕ್ಕಿನಿಂದ ದನಿ ಹೊರಬರುವ ಲೈನ್ ಔಟ್ ತೂತಿನಿಂದ ಬರುವುದು 300, 400 ಮಿಲಿವೋಲ್ಟ್. ಅದರ ಮೇಲೆ ವಿಂಡೋಸಿನಲ್ಲಿ ಮೈಕಿನ ದನಿ ಹಿಗ್ಗಿಸುವ ಮೈಕ್ ಬೂಸ್ಟ್ 20 ಡೆಸಿಬೆಲ್ ಏರಿ ಕೂತಿತ್ತು. ಚಂಡೆ ಬಿದ್ದಾಗಲೆಲ್ಲ ದನಿ ಒಡೆಯುತ್ತದೆ ಅಂತ ಡೆಕ್ಕಿನ ದನಿಯ ಗುಂಡಿ ತಗ್ಗಿಸಿದ್ದೆ. ಪದ ತಗ್ಗಿತು, ಗುಂಯ್ ಇದ್ದಷ್ಟೇ ಉಳಿಯಿತು. ಸಾಲದ್ದಕ್ಕೆ ಮೌಸ್ ಸರಿಸಿದರೆ ಕಿರ್ರ್ ಎನ್ನುವ ಸದ್ದು ಬೇರೆ. ಕೆಂಪು, ಬಿಳಿ ಪಿನ್ನಿನ ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತಂದ ಮೇಲೆ ಒಡೆಯುವುದೂ ನಿಂತಿತು, ಕಿರ್ರ್ ಕೂಡ ಹೋಯಿತು. ಗುಂಯ್ ಮಾತ್ರ ಜಗ್ಗಲಿಲ್ಲ.

ಅದು ಸಿಕ್ಕಿದ್ದು ಆಕಸ್ಮಿಕವಾಗಿ. ಫೋನು ಚಾರ್ಜಿಗೆ ಹಾಕಲು ಜಾಗ ಸಾಲದೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಹೆಡ್‌ಫೋನಿನಲ್ಲಿ ಗುಂಯ್ ಟಪ್ಪಂತ ನಿಂತಿತು. ಮತ್ತೆ ಸಿಕ್ಕಿಸಿದೆ, ಬಂತು. ಕಿತ್ತೆ, ಹೋಯಿತು. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಅಡಿಯ ಸ್ಕ್ರೂ ತಾಗಿದರೆ ಬೆರಳು ಜುಮ್ಮೆನ್ನುತ್ತಿದ್ದದ್ದು ಆಗ ನೆನಪಾಯಿತು. ವರ್ಷಗಟ್ಟಲೆ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಚಾರ್ಜರಿನೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಚೂರು ಕರೆಂಟು ಯಾವಾಗಲೂ ಸೋರುತ್ತದೆ, ಅದು ಮೂರನೇ ಪಿನ್ನಿನ ಮೂಲಕ ಭೂಮಿಗೆ ಇಳಿಯಬೇಕು. ಆ ದಾರಿ ಕಟ್ಟಿದ್ದರೆ ಆಡಿಯೋ ಕೇಬಲಿನ ಹೊರಜಾಲರಿ ಹಿಡಿದು ಡೆಕ್ಕಿನ ಕಡೆ ಹೊರಡುತ್ತದೆ.

ಊರಿನ ಎಲೆಕ್ಟ್ರಿಷಿಯನ್ ಬಂದು ಹೋಲ್ಡರಿಗೆ ಬಲ್ಬು ಹಾಕಿ ಫೇಸಿಗೂ ಅರ್ಥಿಂಗಿಗೂ ಮುಟ್ಟಿಸಿದರು. ಬಲ್ಬಿನ ತಂತಿ ಆರುವ ಕೆಂಡದ ಹಾಗೆ ಕೆಂಪಗೆ ಇಣುಕಿತು, ಅಷ್ಟೆ.

‘ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆತು ಮಾರಾಯ್ರೆ?’

ಗುಂಡಿ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬಚ್ಚಲಿನ ಹಿಂದೆ ಕೆಸುವಿನ ಗಿಡದ ಬುಡದಲ್ಲಿತ್ತು. ನಟ್ಟು ತುಕ್ಕು ಹಿಡಿದು ತಂತಿ ಹೆಸರಿಗೆ ಮಾತ್ರ ತಾಗಿಕೊಂಡಿತ್ತು. ಉಜ್ಜಿ ಬಿಗಿ ಮಾಡಿ, ಉಪ್ಪು, ಇದ್ದಿಲು ತುಂಬಿ, ಎರಡು ಕೊಡ ನೀರು ಹೊಯ್ದರು. ಈ ಸಲ ಬಲ್ಬು ಬೆಳ್ಳಗೆ ಹತ್ತಿತು. ಖಾಲಿ ರೆಕಾರ್ಡಿಂಗಿನಲ್ಲಿ ಮೈನಸ್ 41 ಡೆಸಿಬೆಲ್ ತೋರಿಸುತ್ತಿದ್ದ ಮೀಟರು ಮೈನಸ್ 64ಕ್ಕೆ ಇಳಿಯಿತು. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ನನ್ನೇ ಕತ್ತರಿಸುವವರನ್ನು ನೋಡಿದ್ದೇನೆ. ಮಕ್ಕಳು ಮರಿ ಓಡಾಡುವ ಮನೆಯಲ್ಲಿ ಅಂಥ ಕೆಲಸ ಮಾಡಬೇಡಿ.

ಉಳಿದವು ಚಿಲ್ಲರೆ. ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಫ್ಯಾನು 2, 3ರಲ್ಲಿದ್ದರೆ ಝರ್ರ್ ಎನ್ನುತ್ತಿತ್ತು, ಬಂದ್ ಮಾಡಿ ಬೆವರುತ್ತಾ ಕೂತೆ. ಕೇಬಲಿನ ಪಕ್ಕ ಅಮ್ಮನ ಗುಂಡಿ ಫೋನು ಇದ್ದರೆ ಕರೆ ಬರುವ ಮುಂಚೆಯೇ ಡಿಟ್‌ಡಿಟ್ ಡಿಟ್‌ಡಿಟ್. ಕರೆಂಟು ಹೋಗಿ ಇನ್ವರ್ಟರ್ ಹಿಡಿದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸುತ್ತೇನೆ; ನಮ್ಮ ಇನ್ವರ್ಟರಿನ ಕರೆಂಟು ನುಣುಪಿಲ್ಲದ ಚೌಕ ಅಲೆಯದು, 150, 250, 350ರ ಗೂಟಗಳು ಮತ್ತೆ ಎದ್ದು ನಿಲ್ಲುತ್ತವೆ.

ಇಷ್ಟಾದ ಮೇಲೆ ವಾಲಿಯನ್ನು ಇನ್ನೊಮ್ಮೆ ಮೊದಲಿಂದ ಹಾಕಿದೆ. ಆ ಮೌನದ ಜಾಗ ಬಂತು. ಗುಂಯ್ ಇಲ್ಲ. ಆದರೆ ಅದರ ಅಡಿಯಲ್ಲಿ ಇನ್ನೇನೋ ಸೊಂಯ್ ಅನ್ನುತ್ತಿತ್ತು. ಟೇಪಿನದಲ್ಲ, ಟೇಪಿನ ಸದ್ದು ಒಂದೇ ಸಮ ಇರುತ್ತದೆ; ಇದು ಮೆಲ್ಲಗೆ ಇಳಿಯುತ್ತಾ ಹೋಗಿ, ನಡುವೆ ಕಚ್‌ಕಚ್ ಎಂದು ನಾಲ್ಕೈದು ಸಲ ಏನೋ ಆಗಿ, ಮತ್ತೆ ಏರುತ್ತಿತ್ತು. ಮತ್ತೆ ಸ್ಪೆಕ್ಟ್ರಮ್ ತೆಗೆಯಲು ಹೊರಟೆ. ಅಡಿಕೆ ಸುಲಿಯುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳಿಸಿಕೊಂಡು, ‘ಗ್ಯಾಸ್‌ಲೈಟಿಗೆ ಗಾಳಿ ಹೊಡೀತಿದಾರಲ್ಲೋ, ಆ ಊರಿಗೆ ಆಗ ಕರೆಂಟು ಎಲ್ಲಿತ್ತು’ ಎಂದಳು.

ಫೈಲು ಹಾಗೇ ಸೇವ್ ಮಾಡಿ ಬಿ ಬದಿ ತಿರುಗಿಸಿ ಹಾಕಿದೆ.