ಕೂತುಬಿಟ್ಟ ಕಾಲನ್ನು ಮತ್ತೆ ಎಬ್ಬಿಸುವುದು ಹೇಗೆ?

ಶಿರಸಿ ಕಡೆಯ ಹಳ್ಳಿಮನೆಗಳ ರಚನೆ ನಿಮಗೆ ಗೊತ್ತಲ್ವಾ? ಮನೆ ಮೇಲೆ, ಅಡಿಕೆ ತೋಟ ಕೆಳಗೆ. ನನ್ನ ಆಯಿ 74ನೇ ವಯಸ್ಸಿನವರೆಗೂ ದಿನಕ್ಕೆ ಎರಡು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಜ್ವರ ಬಂತು. ನಾಲ್ಕು ದಿನ ಆಸ್ಪತ್ರೆ, ಆಮೇಲೆ ಮನೆಯಲ್ಲಿ ಎರಡು ವಾರ ಹಾಸಿಗೆ. ಮನೆಗೆ ಕಳಿಸುವಾಗ ‘ಚೆನ್ನಾಗಿ ರೆಸ್ಟ್ ಕೊಡಿ’ ಎಂದರು. ಎಷ್ಟು ದಿನ, ಆಮೇಲೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ನೀರು, ಊಟ, ಕವಳದ ಬಟ್ಟಲು ಎಲ್ಲವನ್ನೂ ಕೂತಲ್ಲಿಗೇ ತಂದುಕೊಟ್ಟೆವು. ಜ್ವರ ಹೋಯಿತು. ಆದರೆ ಆಯಿಗೆ ಕುರ್ಚಿಯಿಂದ ಏಳಲು ಆಗಲಿಲ್ಲ. ‘ಕಾಲಲ್ಲಿ ಶಕ್ತಿನೇ ಇಲ್ಲೆ’ ಎಂದು ಅತ್ತಳು.

ಪ್ರೀತಿಯಿಂದಲೇ ನಾವು ಆ ಕಾಲುಗಳನ್ನು ಸೊರಗಿಸಿದ್ದೆವು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇರಿಸಿದ್ದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ಇದನ್ನು ನಾನು ಓದಿದ್ದು ತಡವಾಗಿ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ?

ಸ್ನಾಯು ಎಂದರೆ ಎಳೆಗಳ ಕಟ್ಟು, ನಾರಿನ ಹಗ್ಗದ ಹಾಗೆ. ರೂಢಿಯಿಲ್ಲದ ಭಾರ ಬಿದ್ದರೆ ಕೆಲವು ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಹತ್ತುವಾಗ ಬೀಳುವುದಕ್ಕಿಂತ ಇಳಿಯುವಾಗಲೇ ಇದು ಜಾಸ್ತಿ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು, ಬ್ರೇಕ್ ಹಿಡಿದ ಹಾಗೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಕ್ಕಳು ತೋಟಕ್ಕೆ ಇಳಿದುಬಂದ ಮಾರನೇ ದಿನ ಮೆಟ್ಟಿಲು ಇಳಿಯಲಾರದೆ ಒದ್ದಾಡುವುದು ಇದಕ್ಕೇ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಎಂದು ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ. ಆ ಆಸಿಡ್ ದಣಿವು ಆರಿದ ಒಂದು ಗಂಟೆಯ ಹೊತ್ತಿಗೆ ಕರಗಿಹೋಗಿರುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಯ ನಡುವೆ, ರಿಪೇರಿ ಕೆಲಸ ನಡೆಯುತ್ತಿರುವಾಗ.

ಆ ರಿಪೇರಿ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ಗಾಯವಾದ ಕೆಲವೇ ಗಂಟೆಯಲ್ಲಿ ರಕ್ತದ ಬಿಳಿ ಕಣಗಳು ಅಲ್ಲಿಗೆ ಬರುತ್ತವೆ. ಅವುಗಳ ಹಿಂದೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ಬಂದು ಹಾಳಾದ ಚೂರುಗಳನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಒಂದೆರಡು ದಿನ ಕಳೆದ ಮೇಲೆ ಅವುಗಳ ಕೆಲಸವೇ ಬದಲಾಗುತ್ತದೆ. ಕಸ ತೆಗೆಯುವುದು ನಿಲ್ಲಿಸಿ, ಹೊಸದಾಗಿ ಕಟ್ಟಿ ಎಂದು ಸಂದೇಶ ಕೊಡಲು ಶುರು ಮಾಡುತ್ತವೆ.

ಆ ಸಂದೇಶ ಕೇಳಿ ಏಳುವುದು ಸ್ಯಾಟಲೈಟ್ ಕೋಶಗಳು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳನ್ನು ಗುರುತಿಸಿದರು. ಎಳೆಯ ಪೊರೆಗೂ ಅದರ ಹೊರಗಿನ ಹೊದಿಕೆಗೂ ನಡುವೆ ಇವು ಸುಮ್ನೆ ಮಲಗಿರುತ್ತವೆ. ತೋಟದಲ್ಲಿ ಹಳೆ ಅಡಿಕೆ ಮರದ ಪಕ್ಕ ಮೊದಲೇ ಸಸಿ ನೆಟ್ಟಿಡುತ್ತೇವಲ್ಲ, ಹಾಗೆ. ಕರೆ ಬಂದಾಗ ಎದ್ದು ಒಂದು ಎರಡಾಗಿ, ಎರಡು ನಾಲ್ಕಾಗಿ ಹಾಳಾದ ಎಳೆಯೊಳಗೆ ಬೆರೆತುಹೋಗುತ್ತವೆ. ಕೆಲವು ಮಾತ್ರ ಮುಂದಿನ ಸಲಕ್ಕೆಂದು ಮತ್ತೆ ಮಲಗುತ್ತವೆ. ತೀರಾ ಸಣ್ಣ ಬಿರುಕಿಗೆ ಇವೂ ಬೇಕಿಲ್ಲ. ಎಳೆಯೊಳಗಿನ ನ್ಯೂಕ್ಲಿಯಸ್‌ಗಳೇ ಗಾಯದ ಕಡೆ ಸರಿದು ಅಲ್ಲೇ ರಿಪೇರಿ ಮಾಡುತ್ತವೆ ಎಂಬುದು 2021ರಲ್ಲಿ ಗೊತ್ತಾಯಿತು.

ವಯಸ್ಸಾದರೆ? ಈ ಕೋಶಗಳ ಸಂಖ್ಯೆ ಇಳಿಯುತ್ತದೆ. ಇರುವವೂ ನಿಧಾನವಾಗಿ ಏಳುತ್ತವೆ. ಎಳೆಗಳಿಗೆ ಆಜ್ಞೆ ತರುವ ನರಗಳೂ ಒಂದೊಂದಾಗಿ ಕಡಿಮೆಯಾಗುತ್ತವೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಇದಕ್ಕೆ 1989ರಲ್ಲಿ ಇರ್ವಿನ್ ರೋಸನ್‌ಬರ್ಗ್ ಎಂಬ ವಿಜ್ಞಾನಿ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು.

ಹಾಗಂತ ಬಾಗಿಲು ಮುಚ್ಚಿಹೋಗಿಲ್ಲ. ಸ್ಟ್ಯಾನ್‌ಫೋರ್ಡ್ ವಿಜ್ಞಾನಿಗಳು 2005ರಲ್ಲಿ ಮುದಿ ಇಲಿಗೆ ಎಳೆ ಇಲಿಯ ರಕ್ತದ ಹರಿವು ಸಿಗುವಂತೆ ಮಾಡಿದಾಗ ಮುದಿ ಇಲಿಯ ಸ್ಯಾಟಲೈಟ್ ಕೋಶಗಳು ಮತ್ತೆ ಚುರುಕಾದವು. ಅಂದರೆ ಅವು ಸತ್ತಿರಲಿಲ್ಲ, ಅವುಗಳಿಗೆ ಕರೆ ಮುಟ್ಟುತ್ತಿರಲಿಲ್ಲ. ನನಗೆ ಇದಕ್ಕಿಂತ ಧೈರ್ಯ ಕೊಟ್ಟಿದ್ದು 1990ರಲ್ಲಿ ಬಾಸ್ಟನ್‌ನಿಂದ ಬಂದ ವರದಿ. ಹಿರಿಯರ ಆರೈಕೆ ಮನೆಯೊಂದರಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ತೊಂಬತ್ತರಲ್ಲಿ! ಎಪ್ಪತ್ತನಾಲ್ಕರ ನನ್ನ ಆಯಿಗೆ ಯಾಕೆ ಆಗಬಾರದು?

ಮೊದಲು ಅಳೆಯಿರಿ

ಕೈ ಇಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಎಚ್ಚರ ವಹಿಸಬೇಕು ಎಂದು ಏಷ್ಯಾದ ತಜ್ಞರ ತಂಡ 2019ರಲ್ಲಿ ಹೇಳಿದೆ. ಮೀನಖಂಡದ ಸುತ್ತಳತೆಯನ್ನೂ ದರ್ಜಿಯ ಟೇಪಿನಿಂದ ಅಳೆಯಿರಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದೂ ಒಂದು ಸುಳಿವು. ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ.

ನಮ್ಮ ಆಯಿಗೆ ಆ ದಿನ ಒಂದು ಸಲವೂ ಏಳಲು ಆಗಲಿಲ್ಲ. ಅದನ್ನೂ ಬರೆದಿಟ್ಟೆ.

ಏಳುವುದು, ಕೂರುವುದು

ಇದೇ ಮುಖ್ಯ ವ್ಯಾಯಾಮ. ಏಳಲು ಆಗದವರಿಗೆ ಕುರ್ಚಿಯ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿ. ಎದುರಿಗೆ ಅಲ್ಲಾಡದ ಮೇಜು ಇರಲಿ. ಪಾದವನ್ನು ಮಂಡಿಗಿಂತ ಸ್ವಲ್ಪ ಹಿಂದೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಮೇಜು ಹಿಡಿದು ಏಳಬೇಕು. ಕೂರುವಾಗ ಧೊಪ್ಪನೆ ಬೀಳಬಾರದು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ ಇಳಿಯಬೇಕು. ಮೇಲೆ ಹೇಳಿದ ಇಳಿಜಾರಿನ ಗುಟ್ಟು ಇಲ್ಲಿಯೂ ಕೆಲಸ ಮಾಡುತ್ತದೆ. ನಿಧಾನವಾಗಿ ಇಳಿಯುವುದೇ ಸ್ನಾಯುವಿಗೆ ಬಲವಾದ ಕರೆ. ಉಸಿರು ಬಿಗಿ ಹಿಡಿಯಬೇಡಿ.

ಐದು ಸಲದಿಂದ ಶುರು ಮಾಡಿ. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಐದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಹತ್ತು ಸಲ ಸಲೀಸಾದರೆ ಒಂದು ಕಂಬಳಿ ತೆಗೆಯಿರಿ. ಆಮೇಲೆ ಮೇಜು ಬಿಡಿ. ಅದೂ ಸುಲಭ ಅನಿಸಿದರೆ ಎದೆಗೆ ಎರಡು ಕಿಲೋ ಅಕ್ಕಿಯ ಚೀಲ ಅಪ್ಪಿಕೊಳ್ಳಿ. ಕೊನೆಯ ಎರಡು ಸಲ ಕಷ್ಟ ಅನಿಸಲೇಬೇಕು. ಅನಿಸದಿದ್ದರೆ ಒಳಗೆ ಮಲಗಿದವರು ಏಳುವುದಿಲ್ಲ. ಬರೀ ನಡೆದರೆ ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ನಡೆಯಿರಿ. ಆದರೆ ತೊಡೆ ಗಟ್ಟಿಯಾಗಲು ಭಾರ ಬೇಕು.

ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಇದರ ಜೊತೆ ಸೇರಿಸಿಕೊಳ್ಳಿ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಕಡಲ ತೀರವೇ ಇದೆ. ಮೊದಲ ವಾರಗಳಲ್ಲಿ ನೀರಂಚಿನ ಗಟ್ಟಿ ಮರಳಿನ ಮೇಲೆ ನಡೆಯಿರಿ. ಕಾಲು ಕುಸಿಯುವ ಒಣ ಮರಳಿನಲ್ಲಿ ಮೀನಖಂಡಕ್ಕೆ ಕೆಲಸ ಬಹಳ ಜಾಸ್ತಿ, ಅದನ್ನು ಆಮೇಲೆ ಇಟ್ಟುಕೊಳ್ಳಿ.

ನೋವು ಬಂದರೆ

ಮೊದಲ ವಾರ ನೋವು ಬಂದೇ ಬರುತ್ತದೆ. ಎರಡೂ ತೊಡೆ ಬಿಗಿದ ಹಾಗೆ, ಓಡಾಡಿದರೆ ಸಡಿಲವಾಗುವ ಹಾಗೆ ಇದ್ದರೆ ಹೆದರಬೇಡಿ. ಹಂಡೆಯ ಬಿಸಿನೀರು ಹಾಕಿಕೊಳ್ಳಿ, ಮನೆಯೊಳಗೆ ಓಡಾಡಿ. ಆದರೆ ಹಾಸಿಗೆ ಹಿಡಿಯಬೇಡಿ. ಮಳೆಗಾಲದ ಬಿಡುವು ಮುಗಿದು ಬಲೆ ಎಳೆಯುವವರನ್ನು ಕೇಳಿ ನೋಡಿ. ಮೊದಲ ದಿನ ತೋಳು ಎತ್ತಲು ಆಗುವುದಿಲ್ಲ, ಕೆಲವು ದಿನ ಕಳೆದರೆ ಅದೇ ಬಲೆ, ಅದೇ ತೋಳು, ಅಷ್ಟು ನೋವಿಲ್ಲ. ಒಮ್ಮೆ ರಿಪೇರಿಯಾದ ಸ್ನಾಯು ಅದೇ ಕೆಲಸಕ್ಕೆ ಮುಂದಿನ ಸಲ ಕಡಿಮೆ ಪೆಟ್ಟು ತಿನ್ನುತ್ತದೆ. ನೋವಿನ ಮಾತ್ರೆಯನ್ನು ನೀವಾಗಿಯೇ ದಿನಾ ನುಂಗುವುದು ಬೇಡ. ವಯಸ್ಸಾದವರ ಹೊಟ್ಟೆಗೂ ಕಿಡ್ನಿಗೂ ಅದು ಕೆಟ್ಟದ್ದು.

ಕೆಲವು ನೋವು ಬೇರೆ. ಸಂಧಿಯಲ್ಲಿ ಚುಚ್ಚುವ ನೋವು, ಒಂದೇ ಮೀನಖಂಡ ಊದಿ ಬಿಸಿಯಾಗುವುದು, ಎದೆನೋವು, ತಲೆಸುತ್ತು ಇದ್ದರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಸ್ನಾಯು ವಿಪರೀತ ಒಡೆದು ಅದರ ಅಂಶ ಕಿಡ್ನಿಗೆ ಇಳಿಯುತ್ತಿರಬಹುದು. ಕೊಲೆಸ್ಟ್ರಾಲಿಗೆ ಮಾತ್ರೆ ತೆಗೆದುಕೊಳ್ಳುವವರು ಹೊಸದಾಗಿ ಮೈಕೈ ನೋವು ಶುರುವಾದರೆ ವೈದ್ಯರಿಗೆ ಹೇಳಿ, ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ.

ತಟ್ಟೆಯಲ್ಲಿ ಏನಿರಬೇಕು?

ಕೆಲಸದವರು ಬಂದರು, ಸಾಮಾನು ಇಲ್ಲ ಎಂದರೆ ಮನೆ ಕಟ್ಟುವುದು ಹೇಗೆ? ಬೆಳಿಗ್ಗೆ ತೆಳ್ಳೇವು (ತೆಳು ದೋಸೆ), ಮಧ್ಯಾಹ್ನ ಅನ್ನ ತಂಬುಳಿ, ರಾತ್ರಿ ಗಂಜಿ ಉಪ್ಪಿನಕಾಯಿ. ಆಯಿಯ ಊಟ ಇಷ್ಟೇ ಇತ್ತು. ಹೊಟ್ಟೆ ತಂಪಾಗಿತ್ತು, ಪ್ರೋಟೀನ್ ಮಾತ್ರ ಬಹಳ ಕಡಿಮೆ. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವವರಿಗೆ 50–60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ಬೇಯಿಸಿದ ಬಂಗಡೆ 100 ಗ್ರಾಂ ತಿಂದರೆ 20 ಗ್ರಾಂ ಸಿಗುತ್ತದೆ. ಈ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ನಮ್ಮಂಥ ಸಸ್ಯಾಹಾರಿಗಳು ಹುರುಳಿ, ಹೆಸರುಕಾಳು, ಗಟ್ಟಿ ಮೊಸರು ಜಾಸ್ತಿ ಮಾಡಬೇಕು. ವಯಸ್ಸಾದ ಸ್ನಾಯು ಸ್ವಲ್ಪ ಪ್ರೋಟೀನಿಗೆ ಓಗೊಡುವುದಿಲ್ಲ. ಹಾಗಾಗಿ ಮೂರು ಹೊತ್ತಿಗೂ ಹಂಚಿ ಕೊಡಿ, ಬೆಳಿಗ್ಗೆ ಬರೀ ಚಹಾ ದೋಸೆಗೆ ಮುಗಿಸಬೇಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ಏರಿಸಬೇಕು.

ಮತ್ತೆ ಅಳೆಯಿರಿ

ನಾಲ್ಕು ವಾರಕ್ಕೊಮ್ಮೆ ಅದೇ ಕುರ್ಚಿ, ಅದೇ ಪರೀಕ್ಷೆ. ಮೊದಲು ಹೆಚ್ಚುವುದು ಬಲ, ನರಗಳು ಎಳೆಗಳನ್ನು ಚೆನ್ನಾಗಿ ಬಳಸಲು ಕಲಿಯುವುದರಿಂದ. ಸುತ್ತಳತೆ ಬದಲಾಗಲು ತಿಂಗಳುಗಳು ಬೇಕು. ಟೇಪ್ ನೋಡಿ ಬೇಸರ ಮಾಡಿಕೊಳ್ಳಬೇಡಿ.

ಆಯಿ ನಾಲ್ಕನೇ ವಾರ ಮೇಜು ಹಿಡಿದು ಐದು ಸಲ ಎದ್ದಳು. ಎಂಟನೇ ವಾರ ಕೈ ಕಟ್ಟಿಕೊಂಡು ಎದ್ದಳು, 19 ಸೆಕೆಂಡ್. ಹೋದ ತಿಂಗಳು 14. ತೋಟಕ್ಕೆ ಅರ್ಧ ದಾರಿಯವರೆಗೆ ಇಳಿಯುತ್ತಾಳೆ, ಅಲ್ಲಿನ ಕಲ್ಲಿನ ಮೇಲೆ ಕೂತು ಅಡಿಕೆ ಕೊನೆ ಎಣಿಸಿ, ಯಾರ ಕೈಯನ್ನೂ ಕೇಳದೆ ಎದ್ದು ಬರುತ್ತಾಳೆ. ಮುಂದಿನ ಪರೀಕ್ಷೆ ಯಾವಾಗ ಎಂದು ಅವಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ.