ಮಳೆಗೆ ಮಾತ್ರ ಬರುವ ಮಿಸ್ಸಿಂಗ್

ಜೂನ್ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ವರ್ಕ್‌ಶಾಪ್‌ಗಳಿಗೆ ಒಂದೇ ಜಾತಿಯ ದೂರು ಸಾಲುಗಟ್ಟಿ ಬರುತ್ತದೆ: ಎಂಜಿನ್ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಇಡೀ ನಡುಗುತ್ತದೆ, ಏರಿನಲ್ಲಿ ಜಗ್ಗುತ್ತದೆ, ಪಿಕಪ್ ಇಲ್ಲ. ಬಿಸಿಲು ಬಿದ್ದು ಬಾನೆಟ್ ಒಳಗೆಲ್ಲ ಒಣಗಿದ ಮೇಲೆ ಸರಿಯಾಗಿ ಓಡುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಈ ಲಕ್ಷಣ ಕಂಡರೆ ನಾನು ಮೊದಲು ಕೈ ಹಾಕುವುದು ಪ್ಲಗ್ ವಯರ್ ಮತ್ತು ಸ್ಪಾರ್ಕಿನ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ. ಇಂಜೆಕ್ಟರಿನ ಕಸವಾಗಲಿ ಪೆಟ್ರೋಲ್ ಪಂಪಿನ ಸವಕಲಾಗಲಿ ಮಳೆ ನೋಡಿ ಬಂದು ಬಿಸಿಲು ನೋಡಿ ಹೋಗುವುದಿಲ್ಲ. ಹೈ ಟೆನ್ಷನ್ ಕರೆಂಟ್ ಮಾತ್ರ ಹಾಗೆ. ತೇವ ಸಿಕ್ಕಿದರೆ ಪ್ಲಗ್‌ಗೆ ಹೋಗಬೇಕಾದದ್ದು ಎಂಜಿನ್ನಿನ ಲೋಹದ ಮೈಗೆ ಹಾರಿಬಿಡುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬರು ನಿವೃತ್ತ ಮಾಸ್ಟ್ರು ತಮ್ಮ ಹಳೆಯ ನಾಲ್ಕು ಸಿಲಿಂಡರಿನ ಕಾರು ತಂದರು. ಒಂದು ಕಾಯಿಲ್ ಪ್ಯಾಕ್, ಅದರಿಂದ ನಾಲ್ಕು ವಯರ್ ಹೋಗುವ ಮಾದರಿ. ಬೇರೆ ಕಡೆ ಇಂಜೆಕ್ಟರ್ ಕ್ಲೀನಿಂಗ್ ಆಗಿತ್ತು, ಪೆಟ್ರೋಲ್ ಫಿಲ್ಟರ್ ಹೊಸದು, ಆಕ್ಸಿಜನ್ ಸೆನ್ಸರ್ ಕೂಡ ಹೊಸದು. "ಸ್ಕ್ಯಾನರ್‌ನಲ್ಲಿ ಲೀನ್ ಅಂತ ತೋರಿಸ್ತದೆ, ಸೆನ್ಸರ್ ಹೋಗಿದೆ ಅಂತ ಹೇಳಿದ್ರು ಮಾರಾಯ. ದುಡ್ಡು ಹೋಯ್ತು, ನಡುಗುವುದು ಹೋಗ್ಲಿಲ್ಲ" ಎಂದರು.

ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಈ ಲೀನ್ ಕೋಡ್ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಒಂದು ಸಿಲಿಂಡರಿನಲ್ಲಿ ಸ್ಪಾರ್ಕ್ ಬೀಳದಿದ್ದರೆ ಅಲ್ಲಿಗೆ ಹೋದ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೆಯೇ ಸೈಲೆನ್ಸರ್ ಕಡೆಗೆ ಹೋಗುತ್ತವೆ. ಆಕ್ಸಿಜನ್ ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಉಳಿದ ಆಕ್ಸಿಜನ್ ಮಾತ್ರ, ಪೆಟ್ರೋಲ್ ಅಲ್ಲ. ಆಕ್ಸಿಜನ್ ಹೆಚ್ಚು ಕಂಡ ಕೂಡಲೇ ಪೆಟ್ರೋಲ್ ಕಡಿಮೆಯಾಯಿತೆಂದು ಲೆಕ್ಕ ಹಾಕಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಅಲ್ಲಿ ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಆದ್ದರಿಂದ ಮಿಸ್‌ಫೈರ್ ಕೋಡೂ ಲೀನ್ ಕೋಡೂ ಒಟ್ಟಿಗೆ ಇದ್ದರೆ ಮೊದಲು ಮಿಸ್‌ಫೈರ್ ಮುಗಿಸಬೇಕು.

ನಾನು ಸ್ಕ್ಯಾನರ್ ಹಾಕಿದಾಗ ಪಿ0304 ಎಂಬ ಮಿಸ್‌ಫೈರ್ ಕೋಡ್ ಇತ್ತು, ಜೊತೆಗೆ ಪಿ0300. ಕೊನೆಯ ಅಂಕಿ ಸಿಲಿಂಡರಿನದು, ಸೊನ್ನೆಯಾದರೆ ಯಾವುದೆಂದು ಗೊತ್ತಿಲ್ಲದ ಅಥವಾ ಹಲವು ಸಿಲಿಂಡರಿನ ಮಿಸ್. ಅಂದರೆ ನಾಲ್ಕನೆಯದು. ಆದರೂ ಕೋಡ್ ಒಂದನ್ನೇ ನಂಬಿ ನಾನು ಕೆಲಸ ಶುರು ಮಾಡುವುದಿಲ್ಲ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದೊಂದು ಕವಲಿಗೂ ಒಂದೊಂದು ಹನಿ ನೀರು ಹಾಕಿದರೆ ಸಾಕು. ಮೂರರಲ್ಲಿ ಹನಿ ಚುಂಯ್ ಎಂದು ಹಾರಿಹೋಯಿತು, ನಾಲ್ಕನೆಯದರಲ್ಲಿ ಸುಮ್ಮನೆ ಇಳಿದು ಕೆಳಗೆ ತೊಟ್ಟಿಕ್ಕಿತು. ಸ್ಕ್ಯಾನರ್ ಇಲ್ಲದ ಕಾಲದ ಈ ಪರೀಕ್ಷೆಯನ್ನು ಇವತ್ತಿಗೂ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಬದಲಿಗೆ ಎಂಜಿನ್ ಓಡುತ್ತಿರುವಾಗ ಪ್ಲಗ್ ವಯರ್ ಎಳೆದು ನೋಡುವ ಅಭ್ಯಾಸ ಬಿಡಬೇಕು. ದಾರಿ ಸಿಗದ ಕರೆಂಟ್ ಕಾಯಿಲಿನ ಒಳಗೇ ಹಾರಿ ಅದರ ಇನ್ಸುಲೇಶನ್ ಸುಡಬಹುದು, ಇಗ್ನಿಷನ್ ಮಾಡ್ಯೂಲ್ ಹೋಗಬಹುದು, ಎಳೆದವರ ಕೈಗೂ ಹೊಡೆಯಬಹುದು. ಸ್ಪಾರ್ಕ್ ನೋಡಲೇಬೇಕಾದರೆ ಕ್ಲಿಪ್ ಇರುವ ಸ್ಪಾರ್ಕ್ ಟೆಸ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ.

ಈ ಮಾದರಿಯ ಕಾಯಿಲ್ ಪ್ಯಾಕಿನಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯ ಎರಡು ಪ್ಲಗ್‌ಗಳಲ್ಲೂ ಒಟ್ಟಿಗೆ ಸ್ಪಾರ್ಕ್ ಬೀಳುತ್ತದೆ. ಒಂದರಲ್ಲಿ ಕಂಪ್ರೆಷನ್ ನಡೆಯುತ್ತಿದ್ದರೆ ಇನ್ನೊಂದು ಹೊಗೆ ಹೊರಹಾಕುತ್ತಿರುತ್ತದೆ, ಅಲ್ಲಿನ ಸ್ಪಾರ್ಕ್ ವ್ಯರ್ಥ. ಇದು ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಜೋಡಿಯ ಎರಡೂ ಮಿಸ್ ಆದರೆ ಕಾಯಿಲಿನ ಮೇಲೆ ಅನುಮಾನ, ಇಲ್ಲವೇ ಒಂದು ವಯರ್ ಪೂರ್ತಿ ತುಂಡಾಗಿ ಎರಡರ ದಾರಿಯೂ ಕಡಿದಿರಬೇಕು. ಒಂದೇ ಸಿಲಿಂಡರ್ ಆದರೆ ವಯರ್, ಅದರ ತುದಿಯ ರಬ್ಬರ್ ಟೋಪಿಯಾದ ಬೂಟ್ ಅಥವಾ ಪ್ಲಗ್.

ಮಲ್ಟಿಮೀಟರ್ ಹಿಡಿದೆ. ವಯರ್‌ಗಳ ರೆಸಿಸ್ಟೆನ್ಸ್ ಉದ್ದಕ್ಕೆ ತಕ್ಕ ಹಾಗೆ ಕೆಲವು ಕಿಲೋ ಓಮ್ ಇತ್ತು, ಬಗ್ಗಿಸಿ ತಿರುಚಿ ಅಳೆದರೂ ಜಿಗಿಯಲಿಲ್ಲ. ಕಾಯಿಲಿನ ಎರಡು ಜೋಡಿಗಳ ನಡುವೆಯೂ ವ್ಯತ್ಯಾಸ ಇರಲಿಲ್ಲ. ಬಹಳ ಕಡೆ ತಪಾಸಣೆ ನಿಲ್ಲುವುದು ಇಲ್ಲಿಯೇ: ಮೀಟರ್ ಓಕೆ ಅಂದಿತು, ವಯರ್ ಓಕೆ. ಆದರೆ ಮೀಟರಿನ ಬ್ಯಾಟರಿ ಒಂಬತ್ತು ವೋಲ್ಟಿನದು, ಆ ವಯರಿನಲ್ಲಿ ಓಡುವುದು ಸಾವಿರಗಟ್ಟಲೆ ವೋಲ್ಟ್. ಒಳಗಿನ ತಂತಿ ತುಂಡಾಗಿದ್ದರೆ ಮೀಟರ್ ಹೇಳುತ್ತದೆ. ಹೊರಗಿನ ರಬ್ಬರ್ ಸೀಳಿ ಕರೆಂಟ್ ಲೀಕ್ ಆಗುತ್ತಿದ್ದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಮಳೆಯಲ್ಲಿ ಬರುವ ದೋಷವನ್ನು ಮಳೆಯಲ್ಲೇ, ಏರಿನಲ್ಲಿ ಬರುವುದನ್ನು ಏರಿನಲ್ಲೇ ಹಿಡಿಯಬೇಕು.

ಅದಕ್ಕೆ ಸಂಜೆ ಕತ್ತಲಾಗುವವರೆಗೆ ಕಾರು ಇಟ್ಟುಕೊಂಡೆ. ಶೆಡ್ಡಿನ ಲೈಟ್ ಆರಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಗಿಡಕ್ಕೆ ಸಿಂಪಡಿಸುವ ಸಣ್ಣ ಬಾಟಲಿಯಲ್ಲಿ ಚಿಟಿಕೆ ಉಪ್ಪು ಬೆರೆಸಿದ ನೀರಿನಿಂದ ವಯರ್‌ಗಳ ಮೇಲೆ ಮಂಜಿನ ಹಾಗೆ ಹಾಯಿಸಿದೆ. ಮೊದಲ ಮೂರು ವಯರ್ ಸುಮ್ಮನಿದ್ದವು. ನಾಲ್ಕನೆಯದರ ಬೂಟ್ ಬಳಿ ಟಿಕ್ ಟಿಕ್ ಎಂಬ ಸದ್ದು, ಜೊತೆಗೆ ನೀಲಿ ಎಳೆಯೊಂದು ಬೂಟಿನ ಬುಡದಿಂದ ಎಂಜಿನ್ ಹೆಡ್ಡಿಗೆ ಹಾರುತ್ತಿತ್ತು. ಪಕ್ಕದಲ್ಲಿ ನಿಂತ ಮಾಸ್ಟ್ರು "ಅಗೋ ಅಗೋ" ಎಂದು ಕೂಗಿದರು. ಈ ಪರೀಕ್ಷೆ ಮಾಡುವವರು ವಯರ್‌ನಿಂದ ಕೈ ದೂರ ಇಡಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರನ್ನು ಹತ್ತಿರ ಬಿಡಲೇಬಾರದು.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬೂಟ್ ಕಳಚಿ ಟಾರ್ಚ್ ಹಿಡಿದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ಪೆನ್ಸಿಲಿನಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಬೂಟಿನ ಒಳಮೈಯಲ್ಲೂ ಅದೇ ಜಾಗಕ್ಕೆ ಅದೇ ಗೆರೆ. ಕರೆಂಟ್ ಒಮ್ಮೆ ಹಾರಿದ ಕಡೆ ಇಂಗಾಲ ಕೂರುತ್ತದೆ, ಇಂಗಾಲದಲ್ಲಿ ಕರೆಂಟ್ ಹರಿಯುತ್ತದೆ, ಆ ದಾರಿ ಮತ್ತೆ ಮುಚ್ಚುವುದಿಲ್ಲ. ಹೊಸ ವಯರನ್ನು ಹಳೆ ಪ್ಲಗ್‌ಗೆ ಹಾಕಿದರೆ ಪಿಂಗಾಣಿಯ ಗೆರೆ ಹೊಸ ಬೂಟನ್ನೂ ಸುಡುತ್ತದೆ. ಹಾಗಾಗಿ ವಯರೂ ಪ್ಲಗ್ಗೂ ಒಟ್ಟಿಗೆ ಬದಲಾಗಬೇಕು, ಇದರಲ್ಲಿ ನಾನು ಗಿರಾಕಿಯ ಜೊತೆ ಚೌಕಾಸಿ ಮಾಡುವುದಿಲ್ಲ. ಹಳೆ ಪ್ಲಗ್‌ಗಳಲ್ಲಿ ಸ್ಪಾರ್ಕ್ ಹಾರುವ ಗ್ಯಾಪ್ ಅಳೆದೆ. 1.1 ಮಿಲಿಮೀಟರ್ ಇರಬೇಕಾದದ್ದು ಸವೆದು 1.4 ದಾಟಿತ್ತು. ಗ್ಯಾಪ್ ಹಿಗ್ಗಿದಷ್ಟೂ ಸ್ಪಾರ್ಕ್ ಹಾರಲು ಹೆಚ್ಚು ವೋಲ್ಟ್ ಬೇಕು, ಆ ಒತ್ತಡ ವಯರ್ ಮೇಲೂ ಕಾಯಿಲ್ ಮೇಲೂ ಬೀಳುತ್ತದೆ.

ಹೊಸ ಸೆಟ್ ಹಾಕಿದ ಮೇಲೆ ಐಡ್ಲಿಂಗ್ ಸ್ಥಿರವಾಯಿತು. ನೀರು ಹೊಡೆದರೂ ಅಲುಗಲಿಲ್ಲ. ಆದರೂ ಗಾಡಿ ಕೊಡುವ ಮೊದಲು ಮುಳ್ಳೇರಿಯದಾಚೆ ಜಾಲ್ಸೂರು ರಸ್ತೆಯ ಏರಿಗೆ ಒಯ್ದೆ. ನಾಲ್ಕನೇ ಗೇರಿನಲ್ಲಿ ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಸ್ಪಾರ್ಕ್‌ಗೆ ಐಡ್ಲಿಂಗಿಗಿಂತ ಬಹಳ ಹೆಚ್ಚು ವೋಲ್ಟ್ ಬೇಕಾಗುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಮತ್ತೆ ಜಗ್ಗಿತು. ಸ್ಕ್ಯಾನರಿನಲ್ಲಿ ಈ ಸಲ ಏರುತ್ತಿದ್ದದ್ದು 1 ಮತ್ತು 4, ಎರಡೂ ಒಟ್ಟಿಗೆ. ಕಾಯಿಲ್ ಪ್ಯಾಕ್ ಬಿಚ್ಚಿ ಒರೆಸಿ ನೋಡಿದರೆ ಆ ಜೋಡಿಯ ಕಡೆ ಕಾಯಿಲನ್ನು ಮುಚ್ಚಿದ ಕಪ್ಪು ಎಪಾಕ್ಸಿ ಅಂಟಿನಲ್ಲಿ ಕೂದಲೆಳೆಯಂಥ ಬಿರುಕು. ಕಾದಾಗ ಬಿರುಕು ಬಾಯಿ ಬಿಡುತ್ತದೆ, ತಣ್ಣಗಾದರೆ ಮೀಟರಿಗೆ ಸಿಗುವುದಿಲ್ಲ. ಅದನ್ನೂ ಬದಲಿಸಿದ ಮೇಲೆ ಅದೇ ಏರನ್ನು ಅದೇ ಗೇರಿನಲ್ಲಿ ಗಾಡಿ ಏರಿತು.

ಪ್ಲಗ್ ಮೇಲೆಯೇ ಒಂದೊಂದು ಕಾಯಿಲ್ ಕೂರುವ ಈಗಿನ ಎಂಜಿನ್‌ಗಳಲ್ಲಿ ಕೆಲಸ ಸುಲಭ. ಪಿ0302 ಬಂದರೆ ಎರಡರ ಕಾಯಿಲನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ ನೋಡಿ. ಕೋಡ್ ಪಿ0303 ಆದರೆ ದೋಷ ಕಾಯಿಲಿನದು. ಎರಡರಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕಂಪ್ರೆಷನ್. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರಿನ ಸೀಲ್ ಮೊದಲು ಹಾಕಿ, ಇಲ್ಲದಿದ್ದರೆ ಹೊಸ ಬೂಟೂ ಕೊಳೆಯುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯ ಗಾಡಿಗಳಲ್ಲಿ ಕಾಯಿಲ್ ಕನೆಕ್ಟರ್ ಒಳಗಿನ ಪಿನ್ ಹಸಿರು ಹಿಡಿದಿರುತ್ತದೆ, ಅದನ್ನು ನೋಡದೆ ಕಾಯಿಲ್ ತರಿಸಬೇಡಿ. ಸಿಎನ್‌ಜಿಯಲ್ಲಿ ಮಿಸ್, ಪೆಟ್ರೋಲಿಗೆ ಹಾಕಿದರೆ ಇಲ್ಲ ಎನ್ನುವ ಗಾಡಿಗಳಲ್ಲೂ ಗ್ಯಾಸ್ ಕಿಟ್ ಬಿಚ್ಚುವ ಮೊದಲು ಪ್ಲಗ್, ವಯರ್ ನೋಡಿ. ಗ್ಯಾಸಿಗೆ ಸ್ಪಾರ್ಕ್ ವೋಲ್ಟೇಜ್ ಹೆಚ್ಚು ಬೇಕು, ದುರ್ಬಲ ವಯರ್ ಅಲ್ಲಿ ಮೊದಲು ಸೋಲುತ್ತದೆ.

ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಮಾತ್ರ ಓಡಿಸುತ್ತಾ ಇರಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಹೋಗಿ ಉರಿದು ಅದನ್ನು ಕರಗಿಸಿಬಿಡುತ್ತದೆ, ಅದರ ಬೆಲೆ ವಯರ್ ಸೆಟ್ಟಿನ ಎಷ್ಟೋ ಪಟ್ಟು. ಹೊಸ ಬೂಟಿನ ಒಳಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ, ಬೇರಿಂಗಿನ ಗ್ರೀಸ್ ಬೇಡ, ರಬ್ಬರ್ ಊದುತ್ತದೆ. ವಯರ್‌ಗಳನ್ನು ಅವುಗಳ ಕ್ಲಿಪ್ಪಿನಲ್ಲೇ ಕೂರಿಸಿ, ಎಕ್ಸಾಸ್ಟ್ ಪೈಪಿಗೂ ಒಂದಕ್ಕೊಂದೂ ತಾಗದ ಹಾಗೆ ಬಿಡಿ. ಅಡಿಕೆ ಅಂಗಳದ ಪಕ್ಕ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ಇಲಿ ಕಡಿದಿದೆಯೇ ಎಂದು ವಯರ್‌ನ ಕೆಳಮೈಯನ್ನೂ ತಿರುಗಿಸಿ ನೋಡಬೇಕು.