ಮನೆ ಖರ್ಚಿನಲ್ಲೇ ಕಾರ್ಡಿನ ಟಾರ್ಗೆಟ್ ಮುಗಿಸಿದ ಲೆಕ್ಕ

ಕ್ರೆಡಿಟ್ ಕಾರ್ಡ್ ಮಾರಲು ಬಂದ ಹುಡುಗ ಹೇಳಿದ್ದು ಇಷ್ಟು: 90 ದಿನದಲ್ಲಿ ಒಂದು ಲಕ್ಷ ರೂಪಾಯಿ ಖರ್ಚು ಮಾಡಿ ಸರ್, 4,000 ರೂಪಾಯಿ ವೋಚರ್ ನಿಮ್ಮದು. ನನ್ನ ಹೆಂಡತಿ ಒಳಗಿನಿಂದಲೇ ಕೇಳಿದಳು, "ಇದೇನ್ರಿ, ಖರ್ಚು ಮಾಡಿದ್ರ ಇನಾಮು ಕೊಡ್ತಾರಂತ? ಹಂಗಾದ್ರ ಉಳಿಸಿದವರು ಹುಚ್ಚರೇನು?"

ಪ್ರಶ್ನೆ ಸರಿಯಾಗೇ ಇತ್ತು. ಹಾಗಾಗಿ ಅವತ್ತು ಫಾರ್ಮಿಗೆ ಸಹಿ ಹಾಕಲಿಲ್ಲ. ಅವಳ ಲೆಕ್ಕದ ವಹಿ ತೆಗೆದು ಕೂತೆ. ನಮ್ಮ ಮನೆಯ ಮಾಮೂಲಿ ತಿಂಗಳಲ್ಲಿ ಕಾರ್ಡಿಗೆ ಹಾಕಬಹುದಾದ ಖರ್ಚು ಹತ್ತು ಹನ್ನೊಂದು ಸಾವಿರ ದಾಟುವುದಿಲ್ಲ. ಮೂರು ತಿಂಗಳಿಗೆ ಮೂವತ್ತು ಸಾವಿರ. ಇನ್ನು ಎಪ್ಪತ್ತು ಸಾವಿರ ಎಲ್ಲಿಂದ ತರೋದು? ಬಹಳ ಜನ ಇಲ್ಲೇ ಹೊಸ ಫೋನೋ ಟಿವಿಯೋ ತಗೊಂಡು ಟಾರ್ಗೆಟ್ ಮುಟ್ಟುತ್ತಾರೆ. ನಾಲ್ಕು ಸಾವಿರದ ವೋಚರಿಗಾಗಿ ನಲವತ್ತು ಸಾವಿರದ ಟಿವಿ ತಗೊಳ್ಳೋದು ಯಾವ ಲಾಭ ಅಂತ ನನಗೆ ತಿಳಿಯೋದಿಲ್ಲ.

ಆದರೆ ಅದೇ ವಹಿಯ ಪುಟ ಮುಂದೆ ತಿರುವಿದರೆ ಬೇರೆಯೇ ಕಥೆ. ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ ವರ್ಷದ ಖರ್ಚು ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಲವು ತಿಂಗಳು ಸುಮ್ಮನಿರುತ್ತವೆ, ಕೆಲವು ತಿಂಗಳು ಕತ್ತು ಹಿಡಿಯುತ್ತವೆ. ಬೇಸಿಗೆಗೆ ಕೂಲರ್. ಮೇ ಕೊನೆಯಿಂದ ಮಕ್ಕಳ ಶಾಲೆ. ಜೂನ್‌ನಲ್ಲಿ ಮಳೆ ಬಿತ್ತೆಂದರೆ ಊರಲ್ಲಿ ಅಪ್ಪನಿಗೆ ತೊಗರಿ ಬೀಜ, ಗೊಬ್ಬರ. ಮೇದಿಂದ ಜುಲೈವರೆಗಿನ ಖರ್ಚು ಕೂಡಿಸಿದರೆ ಒಂದು ಲಕ್ಷ ಅನಾಯಾಸವಾಗಿ ದಾಟುತ್ತಿತ್ತು. ಅಂದರೆ ಒಂದು ರೂಪಾಯಿ ಹೆಚ್ಚಿಗೆ ಖರ್ಚು ಮಾಡಬೇಕಿಲ್ಲ, ಕಾರ್ಡ್ ತಗೊಳ್ಳುವ ತಿಂಗಳು ಸರಿಯಾಗಿದ್ದರೆ ಸಾಕು. ಆ ಹುಡುಗ ಬಂದಿದ್ದು ಫೆಬ್ರವರಿಯಲ್ಲಿ. ನಾನು ಅರ್ಜಿ ಹಾಕಿದ್ದು ಏಪ್ರಿಲ್ ಕೊನೆಗೆ. ಇಡೀ ಕೆಲಸದಲ್ಲಿ ನಾನು ತಲೆ ಓಡಿಸಿದ್ದು ಅಂತ ಇದ್ದರೆ ಅದು ಇದೊಂದೇ.

ಇಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಹೆಚ್ಚಿನ ಬ್ಯಾಂಕುಗಳು 90 ದಿನ ಎಣಿಸುವುದು ಕಾರ್ಡ್ ಮಂಜೂರಾದ ದಿನದಿಂದ. ಅಂಚೆಯವನು ಮನೆಗೆ ತಂದುಕೊಟ್ಟ ದಿನದಿಂದ ಅಲ್ಲ. ಕವರ್ ದಾರಿಯಲ್ಲಿದ್ದಾಗಲೇ ದಿನಗಳು ಓಡುತ್ತಿರುತ್ತವೆ. ಕಾರ್ಡ್ ಬರುವ ಮೊದಲೇ ಆ್ಯಪ್‌ನಲ್ಲಿ ನಂಬರ್ ಕಾಣಿಸಿದರೆ ಆನ್‌ಲೈನ್ ಖರ್ಚು ಶುರು ಮಾಡಬಹುದು. ನಾನು ಹಾಗೇ ಮಾಡಿದೆ.

ಅರ್ಜಿಗೆ ಮೊದಲು ಇನ್ನೊಂದು ಲೆಕ್ಕ. ಕಾರ್ಡಿಗೆ ಮೊದಲ ವರ್ಷದ ಶುಲ್ಕ 1,000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 1,180. ಅಲ್ಲಿಗೆ 4,000 ಅನ್ನೋದು 2,820 ಆಯಿತು. ಏಜೆಂಟರು ಈ ಕಳೆಯುವ ಲೆಕ್ಕ ಹೇಳೋದಿಲ್ಲ. ವೋಚರ್ ಬದಲು ಪಾಯಿಂಟ್ ಕೊಡುವ ಕಾರ್ಡಾದರೆ ಒಂದು ಪಾಯಿಂಟಿಗೆ ಎಷ್ಟು ಪೈಸೆ ಅಂತ ಕೇಳಲೇಬೇಕು. 4,000 ಪಾಯಿಂಟ್ ಅಂದಾಗ ಕಿವಿಗೆ ಚೆನ್ನಾಗಿರುತ್ತದೆ. ಪಾಯಿಂಟಿಗೆ 25 ಪೈಸೆಯಾದರೆ ಅದು ಬರೀ 1,000 ರೂಪಾಯಿ, ಶುಲ್ಕಕ್ಕೇ ಸಾಲದು.

ಇನ್ನು ಯಾವ ಖರ್ಚನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುತ್ತದೆ, ಯಾವುದನ್ನು ಹಿಡಿಯುವುದಿಲ್ಲ ಅನ್ನೋದು. ಇದು ಕಾರ್ಡಿನಿಂದ ಕಾರ್ಡಿಗೆ ಬೇರೆ. ನನ್ನ ಕಾರ್ಡಿನಲ್ಲಿ ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ದುಡ್ಡು ತುಂಬೋದು, ಸರ್ಕಾರಿ ಪಾವತಿ, ವಿಮೆ, ಇಎಂಐಗೆ ಬದಲಾಯಿಸಿದ ಖರೀದಿ, ಎಟಿಎಂನಿಂದ ತೆಗೆದ ನಗದು, ಇವು ಯಾವೂ ಟಾರ್ಗೆಟ್‌ಗೆ ಸೇರುವುದಿಲ್ಲ. ನಗದಿಗಂತೂ ತೆಗೆದ ದಿನದಿಂದಲೇ ಬಡ್ಡಿ, ಅದರ ಸುದ್ದಿಯೇ ಬೇಡ. ಮಹಾನಗರ ಪಾಲಿಕೆಯ ಆಸ್ತಿ ತೆರಿಗೆಗೆ ಏಪ್ರಿಲ್‌ನಲ್ಲಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಇರುತ್ತದಲ್ವಾ, ಅದನ್ನು ಕಾರ್ಡಿಗಾಗಿ ಮೇವರೆಗೆ ತಳ್ಳುವ ಆಸೆ ಬಂದಿತ್ತು. ಸರ್ಕಾರಿ ಪಾವತಿ ಲೆಕ್ಕಕ್ಕಿಲ್ಲ ಅಂತ ಓದಿದ ಮೇಲೆ ಏಪ್ರಿಲ್‌ನಲ್ಲೇ ಬ್ಯಾಂಕ್ ಖಾತೆಯಿಂದ ಕಟ್ಟಿ ಮುಗಿಸಿದೆ.

ಕಾರ್ಡಿನ ಬಗ್ಗೆ ಬರೆಯುವವರೆಲ್ಲ ಮೊದಲು ಹೇಳೋದು, ಕರೆಂಟ್ ಬಿಲ್ ಕಾರ್ಡಿನಿಂದ ಕಟ್ಟಿ ಅಂತ. ನಮ್ಮಲ್ಲಿ ಅದು ನಡೆಯೋದಿಲ್ಲ. 2023ರಿಂದ ಗೃಹಜ್ಯೋತಿ ಬಂದು ಜೆಸ್ಕಾಂ ಬಿಲ್ಲು ಎಷ್ಟೋ ಮನೆಗಳಿಗೆ ಸೊನ್ನೆ. ಬೇಸಿಗೆಯಲ್ಲಿ ಎರಡು ಕೂಲರ್ ಹಗಲು ರಾತ್ರಿ ಓಡಿ 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಬರುತ್ತದೆ. ಕಾರ್ಡಿಗೋಸ್ಕರ ಯಾರೂ ಆ ಬಿಲ್ಲನ್ನು ಬಯಸೋದಿಲ್ಲ. ಬಸ್ಸಿನದೂ ಅದೇ ಕಥೆ. ಶಕ್ತಿ ಯೋಜನೆ ಬಂದಾಗಿನಿಂದ ಅವ್ವ ಮತ್ತು ಹೆಂಡತಿ ಆಳಂದಕ್ಕೆ ಹೋಗಿ ಬರೋದಕ್ಕೆ ಖರ್ಚೇ ಇಲ್ಲ. ಮನೆಗೆ ಒಳ್ಳೆಯದು, ಟಾರ್ಗೆಟ್‌ಗೆ ಉಪಯೋಗವಿಲ್ಲ. ಇಂಟರ್ನೆಟ್, ಮೊಬೈಲ್, ಸಿಲಿಂಡರ್ ಎಲ್ಲ ಸೇರಿದರೂ ಮೂರು ತಿಂಗಳಿಗೆ ನಾಲ್ಕು ಸಾವಿರದ ಸುತ್ತಮುತ್ತ. ಕಾರ್ಡಿನಿಂದ ಕಟ್ಟಿದೆ, ಆದರೆ ಲೆಕ್ಕದಲ್ಲಿ ಹಿಡಿಯಲಿಲ್ಲ.

ಕಿರಾಣಿಯದು ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಸಾಮಾನು ತರೋದು ಸೂಪರ್ ಮಾರ್ಕೆಟ್ ಹತ್ತಿರದ ಹಳೇ ಅಂಗಡಿಯಿಂದ. ತಿಂಗಳಿಗೆ ಎಂಟು ಸಾವಿರ. ಕಾರ್ಡ್ ಅಂದ ಕೂಡಲೇ ಅಂಗಡಿ ಮಾಲಕರು, "ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ ಆಗ್ತದ ನೋಡ್ರಿ" ಅಂದರು. ಎಂಟು ಸಾವಿರಕ್ಕೆ 160 ರೂಪಾಯಿ, ಮೂರು ತಿಂಗಳಿಗೆ 480. ವೋಚರಿನ ಮೇಲಿನ ಕೆನೆ ಅಂಗಡಿಯಲ್ಲೇ ಹೋಗುತ್ತಿತ್ತು.

ದಾರಿ ತೋರಿಸಿದ್ದು ರುಪೇ, ಅಂದರೆ ವೀಸಾ ಇದ್ದ ಹಾಗೆ ನಮ್ಮ ದೇಶದ್ದೇ ಕಾರ್ಡ್ ಜಾಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ, ಬ್ಯಾಂಕ್ ಖಾತೆಯ ಬದಲು ಕ್ರೆಡಿಟ್ ಕಾರ್ಡ್ ಆರಿಸಿ, ಪಿನ್ ಒತ್ತಿದರೆ ಆಯಿತು. ನಾನು ಬೇಕಂತಲೇ ರುಪೇ ಕಾರ್ಡನ್ನೇ ಆರಿಸಿದ್ದೆ. ಯುಪಿಐ ಖರ್ಚು ಟಾರ್ಗೆಟ್‌ಗೆ ಸೇರುತ್ತದೆಯೋ ಇಲ್ಲವೋ ಅಂತ ನಿಯಮದ ಹಾಳೆಯಲ್ಲಿ ಮೊದಲೇ ನೋಡಿಕೊಂಡಿದ್ದೆ. ಎಲ್ಲ ಕಾರ್ಡಿನಲ್ಲೂ ಸೇರೋದಿಲ್ಲ, ಕೆಲವದರಲ್ಲಿ ಪಾಯಿಂಟೂ ಕಡಿಮೆ. ಇದು ನಡೆಯೋದು ವ್ಯಾಪಾರಿ ಖಾತೆಯ ಕ್ಯೂಆರ್‌ಗೆ ಮಾತ್ರ. ಸ್ವಂತ ಮೊಬೈಲ್ ನಂಬರಿನ ಕ್ಯೂಆರ್ ಅಂಟಿಸಿಕೊಂಡ ತರಕಾರಿಯವರಲ್ಲಿ ಕ್ರೆಡಿಟ್ ಕಾರ್ಡ್ ಕಾಣಿಸುವುದೇ ಇಲ್ಲ. ತಳ್ಳುಗಾಡಿಯವರ ಹತ್ತಿರ ಮೊದಲಿನ ಹಾಗೇ ನಗದು.

ಇನ್ನೊಂದು ಮಾತು. ಸಣ್ಣ ವ್ಯಾಪಾರಿಗಳಿಗೆ ರುಪೇ ಕ್ರೆಡಿಟ್ ಯುಪಿಐನಲ್ಲಿ 2,000 ರೂಪಾಯಿವರೆಗೆ ಕಮಿಷನ್ ಬೀಳುವುದಿಲ್ಲ. ಅದರ ಮೇಲಾದರೆ ಅಂಗಡಿಯವರಿಗೆ ಹೊರೆ. ಹಾಗಾಗಿ ತಿಂಗಳಿಗೊಮ್ಮೆ ತರುತ್ತಿದ್ದ ಸಾಮಾನನ್ನು ವಾರಕ್ಕೊಮ್ಮೆ ಮಾಡಿದೆವು. ಪ್ರತಿ ಬಿಲ್ಲು ಎರಡು ಸಾವಿರದೊಳಗೆ. ಮಾಲಕರ ಡಬ್ಬಿ "ರೂಪಾಯಿ ಬಂದಿದೆ" ಅಂತ ಕೂಗಿತು, ಅವರಿಗೂ ನಷ್ಟವಿಲ್ಲ, ನನಗೂ ಇಲ್ಲ. ನನ್ನ ವೋಚರಿಗಾಗಿ ಇಪ್ಪತ್ತು ವರ್ಷದ ಅಂಗಡಿಯವರು ಯಾಕೆ ಕೈಯಿಂದ ಕೊಡಬೇಕು ಹೇಳಿ.

ಅಪ್ಪನ ಔಷಧಿ ತಿಂಗಳಿಗೆ 2,500. ಮೆಡಿಕಲ್ ಶಾಪಿನಲ್ಲಿ ಕಾರ್ಡ್ ಉಜ್ಜಿದರೆ ಹೆಚ್ಚಿಗೆ ಕೇಳಲಿಲ್ಲ. ಕೂಲರ್ 9,500. ಅದು ಹೇಗೂ ತಗೊಳ್ಳಲೇಬೇಕಿತ್ತು. ಹಳೆಯದರ ತಗಡು ತುಕ್ಕು ಹಿಡಿದು ನೀರು ನಡುಮನೆಗೆ ಹರಿಯುತ್ತಿತ್ತು. ಏಪ್ರಿಲ್ ಪೂರ್ತಿ ಒರೆಸಿಕೊಂಡು ತಳ್ಳಿದೆವು, ಕಾರ್ಡ್ ಬಂದ ವಾರ ತಂದೆವು. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಕೂಲರನ್ನು ಯಾರೂ ಐಷಾರಾಮ ಅನ್ನೋದಿಲ್ಲ.

ಶಾಲೆ ಫೀಸು ಎಲ್ಲಕ್ಕಿಂತ ದೊಡ್ಡದು. ಇಬ್ಬರು ಮಕ್ಕಳ ಮೊದಲ ಕಂತು 38,000. ಶಾಲೆಯ ಪೋರ್ಟಲಿನಲ್ಲಿ ಯುಪಿಐ ಒತ್ತಿದರೆ ಕ್ರೆಡಿಟ್ ಕಾರ್ಡ್ ತಗೊಳ್ಳಲಿಲ್ಲ, ನೇರ ಕಾರ್ಡಿಗೆ ಒಂದೂವರೆ ಪರ್ಸೆಂಟ್ ಶುಲ್ಕ ತೋರಿಸಿತು. 570 ರೂಪಾಯಿ, ಜಿಎಸ್‌ಟಿ ಸೇರಿ 673. ಕೈ ತಡೆಯಿತು. ಆದರೆ ಈ ಕಂತು ಬಿಟ್ಟರೆ ಟಾರ್ಗೆಟ್ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಶುಲ್ಕದ 1,180 ಸುಮ್ನೆ ಹೋದಂತೆ. 2,820ರಲ್ಲಿ 673 ಕಳೆದರೂ 2,147 ಉಳಿಯುತ್ತದೆ ಅಂತ ಕಟ್ಟಿಬಿಟ್ಟೆ. ಪುಸ್ತಕ, ಯೂನಿಫಾರ್ಮು, ಬೂಟು ಸೇರಿ ಇನ್ನೊಂದು 9,000. ಮಗಳ ಯೂನಿಫಾರ್ಮ್ ಅಳತೆ ಸರಿಯಾಗದೆ ವಾಪಸ್ ಕೊಡಬೇಕಾದಾಗ ದುಡ್ಡಿನ ಬದಲು ದೊಡ್ಡ ಅಳತೆಯದನ್ನೇ ತಂದೆವು. ಕಾರ್ಡಿಗೆ ರಿಫಂಡ್ ಬಂದರೆ ಅಷ್ಟು ಮೊತ್ತ ಟಾರ್ಗೆಟ್‌ನಿಂದಲೂ ಕಳೆದುಹೋಗುತ್ತದೆ.

ಬೀಜ ಗೊಬ್ಬರದ ವಿಷಯದಲ್ಲಿ ಅಪ್ಪನಿಗೂ ನನಗೂ ಚೂರು ಮಾತು ನಡೆಯಿತು. ನಮ್ಮ ಹೊಲ ಆಳಂದ ತಾಲೂಕಿನಲ್ಲಿ. ಅಪ್ಪ ಪ್ರತಿ ವರ್ಷ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ, ತೊಗರಿ ನೆಹರು ಗಂಜಿಗೆ ಬಂದು ಮಾರಾಟವಾದ ಮೇಲೆ ತೀರಿಸುತ್ತಾರೆ. ಉದ್ರಿಯ ರೇಟು ನಗದಿಗಿಂತ ಯಾವಾಗಲೂ ಒಂದು ಕೈ ಮೇಲೆ. ಈ ಸಲ ಕಾರ್ಡಿನಲ್ಲಿ ಕೊಡೋಣ ಅಂದೆ. ಅಪ್ಪ ಕೇಳಿದರು, "ತೊಗರಿ ರೊಕ್ಕ ಬರೋದು ಜನವರಿಗಿ. ನಿನ್ನ ಬ್ಯಾಂಕಿನವರು ಅಲ್ಲಿತನಕ ತಡಿತಾರೇನು?"

ತಡೆಯೋದಿಲ್ಲ. ಕಾರ್ಡಿನ ಬಿಲ್ಲಿಗೆ ಹೆಚ್ಚೆಂದರೆ ನಲವತ್ತೈದು ಐವತ್ತು ದಿನ. ಉದ್ರಿ ಬರೆದ ಸಾವ್ಕಾರರಾದರೆ ಮಳೆ ಕೈಕೊಟ್ಟರೆ ಇನ್ನೊಂದು ತಿಂಗಳು ಕಾಯುತ್ತಾರೆ, ಬ್ಯಾಂಕಿನ ಕಂಪ್ಯೂಟರು ಕಾಯುವುದಿಲ್ಲ. ಬಿತ್ತನೆ ಖರ್ಚನ್ನು ಕಾರ್ಡಿಗೆ ಹಾಕಿ ಸುಗ್ಗಿಗೆ ತೀರಿಸುತ್ತೇನೆ ಅನ್ನುವವರಿದ್ದರೆ ನಾನು ಬೇಡವೇ ಬೇಡ ಅನ್ನುತ್ತೇನೆ. ನಾನು ಕೊಟ್ಟಿದ್ದು ನನ್ನ ಸಂಬಳದ ಖಾತೆಯಲ್ಲಿ ಮೊದಲೇ ತೆಗೆದಿಟ್ಟಿದ್ದ 14,000 ಮಾತ್ರ. ಡಿಎಪಿ ಗೊಬ್ಬರ ನಾಲ್ಕು ಚೀಲ, ಚೀಲಕ್ಕೆ 1,350ರಂತೆ 5,400. ಉಳಿದಿದ್ದು ಬೀಜ ಮತ್ತು ಕಳೆನಾಶಕಕ್ಕೆ. ಅದಕ್ಕಿಂತ ಮೇಲಿನದು ಅಪ್ಪನ ಉದ್ರಿಯಲ್ಲೇ ಇರಲಿ ಅಂದೆ.

ಅಂಗಡಿಯ ಟೇಬಲ್ ಮೇಲೆ ಒಂದು ಪಿಒಎಸ್ ಮೆಷಿನ್ ಇತ್ತು. ಕಾರ್ಡ್ ತೆಗೆದೆ. "ಅದು ಹೆಬ್ಬೆಟ್ಟಿಂದ್ರಿ ಸರ್" ಅಂದ ಹುಡುಗ. ಗೊಬ್ಬರದ ಸಬ್ಸಿಡಿಗಾಗಿ ಆಧಾರ್ ಬೆರಳಚ್ಚು ತಗೊಳ್ಳುವ ಮೆಷಿನ್ ಅದು, ಅದರಲ್ಲಿ ದುಡ್ಡು ಕಟ್ಟೋಕೆ ಆಗಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದರು, ಬಿತ್ತಿ ಬೆಳೆದ ಕೈಯ ಗೆರೆ ಸವೆದಿದ್ದರಿಂದ ಅದು ಒಂದೇ ಸಲಕ್ಕೆ ಹಿಡಿಯಲಿಲ್ಲ, ಬೆರಳು ಒರೆಸಿ ಮತ್ತೆ ಒತ್ತಿದರು. ಚೀಟಿ ಬಂದ ಮೇಲೆ ನಾನು ಗೋಡೆಯ ಕ್ಯೂಆರ್‌ಗೆ ಕಾರ್ಡಿನಿಂದ ಕೊಟ್ಟೆ.

ಕೂಡಿಸಿ ನೋಡಿ. ಶಾಲೆ 38,000, ಪುಸ್ತಕ ಬಟ್ಟೆ 9,000, ಕಿರಾಣಿ 24,000, ಔಷಧಿ 7,500, ಕೂಲರ್ 9,500, ಹೊಲಕ್ಕೆ 14,000. ಒಟ್ಟು 1,02,000. ತಮ್ಮನ ಮಗನ ಜವಳಕ್ಕೆ ಬೆಂಗಳೂರಿಗೆ ಹೋಗಿ ಬರುವ ರೈಲು ಟಿಕೆಟಿನ 3,500 ಸೇರಿ 1,05,500. ಈ ಐದು ಸಾವಿರ ಹೆಚ್ಚಿಗೆ ಇರಲೇಬೇಕು. ಯಾವುದೋ ಅಂಗಡಿಯ ಮೆಷಿನ್ ಬೇರೆ ವರ್ಗದಲ್ಲಿ ನೋಂದಣಿಯಾಗಿರಬಹುದು. ಪ್ರತಿ ವ್ಯಾಪಾರಿಗೆ ನಾಲ್ಕು ಅಂಕಿಯ ಕೋಡ್ ಇರುತ್ತದೆ, ಕಿರಾಣಿಗೆ 5411, ಶಾಲೆಗೆ 8211 ಹೀಗೆ. ಬ್ಯಾಂಕು ನೋಡೋದು ಆ ಕೋಡನ್ನು, ಅಂಗಡಿಯ ಬೋರ್ಡನ್ನಲ್ಲ. ಕೊನೆಯ ಎರಡು ದಿನಕ್ಕೆ ಏನನ್ನೂ ಇಟ್ಟುಕೊಳ್ಳಬಾರದು. ಉಜ್ಜಿದ ದಿನ ಮತ್ತು ಅದು ಖಾತೆಗೆ ಬೀಳುವ ದಿನ ಒಂದೇ ಆಗಿರುವುದಿಲ್ಲ.

ನಮ್ಮ ಭಾವ ಒಂದು ಉಪಾಯ ಹೇಳಿದ್ದರು: ಅವರ ಮನೆಯ ಫ್ರಿಜ್ ನನ್ನ ಕಾರ್ಡಿನಲ್ಲಿ ತಗೊಂಡು ದುಡ್ಡು ಆಮೇಲೆ ಕೊಡ್ತೀನಿ ಅಂತ. ನಗುತ್ತಲೇ ಬೇಡ ಅಂದೆ. ಅವರು ಕೊಡೋದು ತಡವಾದರೆ ಬಿಲ್ಲು ನನ್ನ ಹೆಸರಿಗೆ, ಮುನಿಸು ಅಕ್ಕನ ಮನೆಯಲ್ಲಿ.

ದುಡ್ಡು ತೀರಿಸೋದಕ್ಕೆ ನನ್ನ ಪದ್ಧತಿ ಸರಳ. ಕಾರ್ಡ್ ಬಳಸಿದ ದಿನವೇ ಅಷ್ಟು ಮೊತ್ತವನ್ನು ಸಂಬಳದ ಖಾತೆಯಿಂದ ಇನ್ನೊಂದು ಉಳಿತಾಯ ಖಾತೆಗೆ ಹಾಕಿಡೋದು. ಬಿಲ್ಲು ಬಂದಾಗ ಅಲ್ಲಿಂದ ಪೂರ್ತಿ ಕಟ್ಟೋದು. "ಕನಿಷ್ಠ ಪಾವತಿ" ಅಂತ ಬಿಲ್ಲಿನಲ್ಲಿ ಒಂದು ಚಿಕ್ಕ ಮೊತ್ತ ಇರುತ್ತದಲ್ಲ, ಅದರ ಕಡೆ ನೋಡಲೂ ಬಾರದು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಹಿಡಿದರೆ ಒಂದು ಲಕ್ಷಕ್ಕೆ 3,500, ಅದರ ಮೇಲೆ ಜಿಎಸ್‌ಟಿ 630. ಒಟ್ಟು 4,130. ಒಂದೇ ತಿಂಗಳು ತಪ್ಪಿದರೆ ವೋಚರ್ ಹೋಗಿ ಮೇಲೆ 130 ರೂಪಾಯಿ ನಾವೇ ಕೊಟ್ಟಂತೆ. ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ. ನನ್ನ ಕಾರ್ಡಿನ ಮಿತಿ 1,20,000 ಇತ್ತು, ಶಾಲೆ ಫೀಸು ಕಟ್ಟಿದ ತಿಂಗಳು ಬಿಲ್ ದಿನಾಂಕಕ್ಕೆ ಮೊದಲೇ ಒಂದು ಭಾಗ ತೀರಿಸಿದೆ. ಮಿತಿಯ ಮೂವತ್ತು ಪರ್ಸೆಂಟ್‌ಗಿಂತ ಜಾಸ್ತಿ ಬಾಕಿ ತೋರಿಸಿದರೆ ಸಿಬಿಲ್ ಸ್ಕೋರಿಗೆ, ಅಂದರೆ ಸಾಲ ಕೊಡುವಾಗ ಬ್ಯಾಂಕು ನೋಡುವ ನಮ್ಮ ಅಂಕಕ್ಕೆ, ಒಳ್ಳೆಯದಲ್ಲ.

ವೋಚರ್ ಬಂತು. ಹೆಂಡತಿ ಅದರಲ್ಲಿ ಐದು ಲೀಟರಿನ ಕುಕ್ಕರ್ ತಗೊಂಡಳು, ಉಳಿದಿದ್ದಕ್ಕೆ ಮಕ್ಕಳಿಗೆ ಚಾದರ.

ಎರಡನೇ ವರ್ಷದ ಶುಲ್ಕ ಮನ್ನಾ ಆಗಬೇಕಾದರೆ ವರ್ಷಕ್ಕೆ ಎರಡು ಲಕ್ಷ ಖರ್ಚಾಗಬೇಕು. ನಮ್ಮ ಮನೆಯ ಉಳಿದ ತಿಂಗಳುಗಳಿಗೆ ಅಷ್ಟು ಬಲವಿಲ್ಲ, ಹಾಗಾಗಿ ವರ್ಷ ತುಂಬುವ ಮೊದಲು ಮುಚ್ಚುತ್ತೇನೆ. ಮುಚ್ಚಲು ಕೇಳಿದ ಮೇಲೆ, ಬಾಕಿ ಇಲ್ಲದಿದ್ದರೆ, ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದಕ್ಕೆ ಮೊದಲು ಪಾಯಿಂಟ್ ಏನಾದರೂ ಉಳಿದಿದ್ದರೆ ಬಳಸಿಬಿಡಬೇಕು. ಹೆಂಡತಿಯ ಹೆಸರಿನಲ್ಲೂ ಒಂದು ಕಾರ್ಡ್ ತಗೊಳ್ಳುವ ಮಾತು ನಡೆದಿದೆ. ದಸರೆ ಹೊತ್ತಿಗೆ ಫೋನ್ ಮಾಡಿದ ಏಜೆಂಟನಿಗೆ ಏಪ್ರಿಲ್ ಕೊನೆಗೆ ಮಾಡು ಅಂತ ಹೇಳಿದ್ದಾಳೆ.